ಪಪ್ಪಾಯಿ ಹಣ್ಣಿನ ತೀರ್ಪು

ನಿವೃತ್ತ ಜಡ್ಜ್ ಭುಜಂಗರಾಯರ ಮನೆಯಲ್ಲಿ ಇದ್ದವರು ಮೂವರೇ, ಮೂವರೂ ಬೇರೆ ಬೇರೆ ಉಣ್ಣುತ್ತಿದ್ದರು. ರಾಯರು ಮೇಜಿನ ಮುಂದೆ, ತಾಯಿಯಿಲ್ಲದ ಎರಡು ವರ್ಷದ ಮೊಮ್ಮಗಳು ಮೃದುಲಾ ಜಗಲಿಯಲ್ಲಿ, ಆಯಾ ಅಡಿಗೆಮನೆಯ ಮೂಲೆಯಲ್ಲಿ.

ಮಗು ಹಾಲು, ಬಿಸ್ಕತ್ತು ಬಿಟ್ಟು ಬೇರೇನೂ ಮುಟ್ಟದು. ನಾಲ್ಕು ದಿನದಿಂದ ಮಲ ಕಟ್ಟಿ ಅಳುತ್ತಿತ್ತು.

"ಡಾಕ್ಟರು ಹಣ್ಣು, ನೀರು ಕೊಡಿ ಎಂದಿದ್ದಾರೆ. ಮೂರು ದಿನದಲ್ಲಿ ಸರಿಹೋಗದಿದ್ದರೆ ನೀನು ಗಂಟುಮೂಟೆ ಕಟ್ಟು!" ಎಂದು ರಾಯರು ಗುಡುಗಿದರು.

ಕಟ್ಟಿಕೊಂಡು ಹೋಗಲು ಆಯಾಗೆ ಊರೂ ಇರಲಿಲ್ಲ, ನಂಟರೂ ಇರಲಿಲ್ಲ.

ಎದುರಿಗೆ ಯಾರಾದರೂ ತಿಂದರೆ ಮಗು ತಾನೂ ಬಾಯಿ ತೆರೆಯುತ್ತದೆ ಎಂದು ಅವಳು ಬಲ್ಲಳು. ಆದರೆ ಆಳುಗಳು ಮಗುವಿನ ಎದುರು ತಿನ್ನಬಾರದೆಂಬುದು ರಾಯರದೇ ಕಟ್ಟಳೆ.

ಅವಳು ಕೈಮುಗಿದಳು. "ಬುದ್ಧೀ, ಹಣ್ಣು ಸಿಹಿಯೋ ಸಪ್ಪೆಯೋ ಹೇಳಲು ನಾನೆಷ್ಟರವಳು? ತಾವೇ ಮಗುವಿನ ಮುಂದೆ ಕೂತು, ತಿಂದು ತೀರ್ಪು ಕೊಡಬೇಕು."

ತೀರ್ಪು ಎಂದದ್ದೇ ತಡ, ರಾಯರು ಕನ್ನಡಕ ಏರಿಸಿ ಜಗಲಿಗೆ ಬಂದರು. ಪಪ್ಪಾಯಿ ತಿಂದರು. ನೆನೆಸಿ ಕಿವುಚಿದ ಒಣದ್ರಾಕ್ಷಿ ತಿಂದರು. ಗಂಭೀರವಾಗಿ ನೀರು ಕುಡಿದರು.

"ನಂಗೂ!" ಎಂದಿತು ಮಗು.

ಮೂರನೆಯ ಬೆಳಿಗ್ಗೆ ಮಗು ಅಳದೆ ಹೊಟ್ಟೆ ಹಗುರ ಮಾಡಿಕೊಂಡಿತು. ಕಕ್ಕಸಿನಿಂದ ಹೊರಬಂದ ರಾಯರ ಮುಖದಲ್ಲೂ ವರ್ಷಗಳಿಂದ ಕಾಣದ ನಗು.

"ಆಯಾ, ಈ ವಿಚಾರಣೆ ದಿನವೂ ನಡೆಯಲಿ," ಎಂದರು.

ಅಂದು ಮಧ್ಯಾಹ್ನ ಜಗಲಿಯಿಂದ ಅಜ್ಜ ಮೊಮ್ಮಗಳ ನಗು ಕೇಳುತ್ತಿತ್ತು. ಆಯಾ ತನ್ನ ಮೂಲೆಯಲ್ಲಿ ತಟ್ಟೆ ಹಾಕಿಕೊಂಡಳು. ಎದುರಿಗೆ ಉಣ್ಣುವವರಿರಲಿಲ್ಲ. ಅವಳಿಗೂ ತುತ್ತು ಇಳಿಯಲಿಲ್ಲ.