ಸದ್ದಿಲ್ಲದೆ ತೆಗೆದ ತಿಪ್ಪೇಶ

ಚಳ್ಳಕೆರೆ ದಾರೀಲಿ ಒಂದೂರು. ಹೆಸರು ಹೇಳಿದ್ರೆ ಆ ಊರೋರು ಬಂದು ನನ್ನ ಬೈತಾರೆ, ಬೇಡ ಬಿಡಿ. ಅಲ್ಲಿ ಓಬಮ್ಮ ಅಂತ ಒಬ್ಬಳು, ಅವಳಿಗೆ ತಿಪ್ಪೇಶ ಅಂತ ಒಬ್ಬನೇ ಮಗ. ಹುಡುಗ ಕೆಟ್ಟೋನಲ್ಲ, ಸೋಮಾರಿನೂ ಅಲ್ಲ. ಹೇಳಿದ್ದು ಮಾಡ್ತಾನೆ. ಹೇಳಿದ್ದನ್ನೇ ಮಾಡ್ತಾನೆ, ಕಷ್ಟ ಬಂದಿದ್ದೇ ಅಲ್ಲಿ. ಹಿಟ್ಟಿನ ಗಿರಣೀಲಿ "ಸ್ವಲ್ಪ ಕೈ ಜೋಡಿಸೋ" ಅಂದ್ರೆ ಮೂಟೆ ಮುಂದೆ ನಮಸ್ಕಾರ ಹಾಕ್ಕೊಂಡು ನಿಂತಿದ್ದ. ಟೈಲರ್ ಅಂಗಡೀಲಿ "ಬಟ್ಟೆ ಮೇಲೆ ಕಣ್ಣಿಟ್ಟಿರು" ಅಂದ್ರೆ ಬಟ್ಟೆ ಮೇಲೆ ಮುಖ ಒತ್ಕೊಂಡು ಮಲಗಿದ್ದ. ಎರಡೂ ಕಡೆ ಕೆಲಸ ಹೋಯ್ತು.

ಓಬಮ್ಮ ಕೈಕಾಲು ಹಿಡಿದು ಕರಿಬಸಪ್ಪ ಮೇಷ್ಟ್ರ ಕಂಪ್ಯೂಟರ್ ಶಾಲೇಲಿ ಅವನಿಗೊಂದು ಕೆಲಸ ಕೊಡಿಸಿದಳು. ಮೇಷ್ಟ್ರು ಎಲ್ಲಾ ಕಂಪ್ಯೂಟರಲ್ಲೂ ತಮ್ಮ ಹೆಸರಿನ ಪಕ್ಕ ಅವನ ಹೆಸರೂ ಸೇರಿಸಿ, "ನಿಂದೇ ಒಂದು ಪಾಸ್‌ವರ್ಡ್ ಇಟ್ಕೋ, ಯಾರಿಗೂ ಹೇಳಬೇಡ" ಅಂದ್ರು. ಇದೂ ಹೋದ್ರೆ ಊರಲ್ಲಿ ಇನ್ಯಾರೂ ಅವನನ್ನ ಸೇರಿಸ್ಕೊಳ್ಳಲ್ಲ ಅಂತ ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಟೈಪಿಂಗ್ ಪರೀಕ್ಷೆ ಬಂತು. ಪರೀಕ್ಷೆ ನಡೆಸೋರು ಹೇಳಿ ಕಳಿಸಿದ್ರು: ಹಳೇ ಟೈಪಿಂಗ್ ಪ್ರೋಗ್ರಾಮು ಒಂದೇ ಒಂದು ಕಂಪ್ಯೂಟರಲ್ಲಿ ಉಳಿದಿದ್ರೂ ನಿಮ್ಮಲ್ಲಿ ಪರೀಕ್ಷೆ ಇಲ್ಲ. ಮೇಷ್ಟ್ರಿಗೆ ಬೆಂಚು ಹೊಂದಿಸೋ ಓಡಾಟ. ತಿಪ್ಪೇಶನ್ನ ಕರೆದು, "ಕ್ಲಾಸು ನಡೀತಿದೆ. ಸದ್ದಿಲ್ಲದೆ ಎಲ್ಲಾ ಕಂಪ್ಯೂಟರಲ್ಲೂ ಆ ಹಳೇ ಪ್ರೋಗ್ರಾಮು ತೆಗಿ" ಅಂದ್ರು.

ತಿಪ್ಪೇಶ ಚಪ್ಪಲಿ ಕೈಲಿ ಹಿಡಿದ, ಉಸಿರು ಬಿಗಿಹಿಡಿದ, ತುದಿಗಾಲಲ್ಲಿ ಒಂದೊಂದರ ಹತ್ರ ಹೋದ. ಮೇಷ್ಟ್ರು ಬಂದು ನೋಡಿದ್ರೆ ಎಲ್ಲಾ ಕಂಪ್ಯೂಟರಲ್ಲೂ ಹಳೇ ಪ್ರೋಗ್ರಾಮು ಬಾಗಿಲು ತೆರೆದಂಗೆ ತೆರ್ಕೊಂಡು ಕೂತಿದೆ.

"ತೆಗಿ ಅಂದ್ನಲ್ಲೋ!"

"ತೆಗ್ದಿದೀನಲ್ಲ ಸರ್. ಬಾಗಿಲು ತೆಗಿ ಅಂದ್ರೆ ನಮ್ಮವ್ವ ಹಿಂಗೇ ತೆಗಿತಾಳೆ."

"ತೆಗಿಯೋದು ಅಂದ್ರೆ ಕಿತ್ತು ಬಿಸಾಕೋದು ಕಣೋ, ದಡ್ಡಮುಂಡೇದೆ."

ಮನೇಲಿ ಓಬಮ್ಮ ಹಣೆ ಹಣೆ ಚಚ್ಕೊಂಡಳು. "ನಾಳೆ 'ಕಿತ್ತು ಬಿಸಾಕು, ಕಿತ್ತು ಬಿಸಾಕು' ಅಂದ್ಕೊಂಡೇ ಹೋಗಪ್ಪ, ಮರೀಬೇಡ."

ಅಂದ್ಕೊಂಡೇ ಹೋದ. ಅವತ್ತು ಮೇಷ್ಟ್ರು ತಾವೇ ಒಂದು ಸ್ಕ್ರಿಪ್ಟು ಬರೆದು ಪೆನ್‌ಡ್ರೈವಿಗೆ ಹಾಕಿದ್ರು. ಏನೇನು ಮಾಡ್ಬೇಕು ಅಂತ ಕಂಪ್ಯೂಟರಿಗೆ ಸಾಲಾಗಿ ಹೇಳೋ ಅಪ್ಪಣೆ ಅದು. "ಇದನ್ನ ಒಂದೊಂದಕ್ಕೂ ಚುಚ್ಚಪ್ಪ, ಮಿಕ್ಕಿದ್ದು ಅದೇ ಮಾಡುತ್ತೆ" ಅಂದ್ರು. ತಿಪ್ಪೇಶ ಮೊದಲನೇದಕ್ಕೆ ಚುಚ್ಚಿದ. ಕಿತ್ತ. ಕಿಟಕಿಯಿಂದಾಚೆ ಬಿಸಾಕಿದ. ಮೇಷ್ಟ್ರು ಪಂಚೆ ಎತ್ಕೊಂಡು ಚರಂಡೀಲಿ ಹುಡುಕಿದ್ರು.

"ಪ್ರಾಣ ತಿಂತೀಯಲ್ಲೋ. ಚುಚ್ಚಿ ಸುಮ್ನೆ ಬಿಡು. 'ತೆಗೀಲಾ, ಬೇಡ್ವಾ' ಅಂತ ತಂಟೆ ಇರಬಾರದು ಅಂತ್ಲೇ ಸ್ಕ್ರಿಪ್ಟು ಬರೆದಿರೋದು. ಕಂಪ್ಯೂಟರು ಏನನ್ನೂ ಕೇಳಬಾರದು, ಗೊತ್ತಾಯ್ತಾ?"

ಗೊತ್ತಾಯ್ತು. ಮಾರನೇ ದಿನ ದೀಪದ ಬತ್ತಿಗೆ ಅಂತ ಅವ್ವ ಇಟ್ಟಿದ್ದ ಹತ್ತಿನೆಲ್ಲ ತಗೊಂಡು ಹೋದ. ಯಾವ ಕಂಪ್ಯೂಟರಲ್ಲಿ ಎಲ್ಲಿ ತೂತು ಕಂಡ್ರೂ ಹತ್ತಿ ತುರುಕಿದ. ಪೆನ್‌ಡ್ರೈವ್ ಚುಚ್ಚೋ ತೂತೂ ಬಿಡಲಿಲ್ಲ. ಮಾತಾಡೋ ಹುಡುಗರಿಗೆಲ್ಲ ತುಟಿ ಮೇಲೆ ಬೆರಳಿಟ್ಟು ತೋರಿಸಿದ.

"ಏನೋ ಇದು?"

"ಏನೂ ಕೇಳಬಾರದು ಅಂದ್ರಲ್ಲ ಸರ್. ಈಗ ಪಟಾಕಿ ಹೊಡೆದ್ರೂ ಕೇಳಲ್ಲ."

ಮೇಷ್ಟ್ರು ಸಂಜೇವರೆಗೂ ಕಡ್ಡೀಲಿ ಹತ್ತಿ ಕೀಳ್ತಾ ಕೂತ್ರು. ಕೊನೆಗೆ ಅಂದ್ರು, "ನಾಳೆ ಬೆಳಿಗ್ಗೆ ಪರೀಕ್ಷೆಯೋರು ಬರ್ತಾರೆ. ನೀನು ಬೇಗ ಬಂದು ಇದನ್ನ ಚುಚ್ಚು. ಪ್ರೋಗ್ರಾಮಾಗ್ಲಿ, ಬಿಟ್ಟುಹೋದ ಹುಡುಗರ ಹೆಸರಾಗ್ಲಿ, ಏನು ಬರೆದ್ರೂ ತೆಗೆಯೋ ಹಂಗೆ ಸ್ಕ್ರಿಪ್ಟಲ್ಲಿ ಈಗ ಒಂದು ಖಾಲಿ ಜಾಗ ಇಟ್ಟಿದೀನಿ, ಯಾವುದು ಹೋಗಬೇಕೋ ಅದರ ಹೆಸರು ಬರಿ. ನಾಳೆ ಆಗ್ಲಿಲ್ಲ ಅಂದ್ರೆ ನಿಂಗೆ ಕೆಲಸ ಇಲ್ಲ."

ಮನೆಗೆ ಬರೋ ಹೊತ್ತಿಗೆ ಪ್ರೋಗ್ರಾಮಿನ ಹೆಸರು ಮರೆತೇ ಹೋಗಿತ್ತು. ಓಬಮ್ಮನಿಗೆ ಅಳು ಬಂತು. "ನಂಗೇನು ಗೊತ್ತೋ ಅದರ ಹೆಸರು? ಇಷ್ಟು ದಿನದಿಂದ ನಿನ್ನ ಪ್ರಾಣ ತಿಂತಿರೋದು ಯಾವುದೋ, ಅದೇ ಕಣಪ್ಪ. ಅದನ್ನೇ ಬರಿ."

ಬೆಳಿಗ್ಗೆ ಜೀವ ತಡೀದೆ ಓಬಮ್ಮನೂ ಮಗನ ಜೊತೆ ಬಂದಳು. ತಿಪ್ಪೇಶ ಪೆನ್‌ಡ್ರೈವ್ ಚುಚ್ಚಿದ. ಖಾಲಿ ಜಾಗ ಬಂತು. ಪ್ರಾಣ ತಿಂತಿರೋದು ಯಾರು ಅಂತ ಚೆನ್ನಾಗಿ ಯೋಚನೆ ಮಾಡಿದ. 'ಕರಿಬಸಪ್ಪ' ಅಂತ ಬರೆದ. ಎಲ್ಲಾ ಕಂಪ್ಯೂಟರಲ್ಲೂ ಅದನ್ನೇ ಬರೆದ. ಸ್ಕ್ರಿಪ್ಟು ಸದ್ದು ಮಾಡಲಿಲ್ಲ, ಏನೂ ಕೇಳಲಿಲ್ಲ, ಕರಿಬಸಪ್ಪನ್ನ ತೆಗೆದುಹಾಕ್ತು.

ಮೇಷ್ಟ್ರು ಬಂದು ಕೂತ್ರೆ ಯಾವ ಕಂಪ್ಯೂಟರೂ ಅವರನ್ನ ಒಳಗೆ ಬಿಡಲಿಲ್ಲ. ಹೊರಗೆ ಪರೀಕ್ಷೆಯೋರ ಜೀಪು ನಿಂತೇಬಿಡ್ತು. ಒಳಗೆ ಉಳಿದಿದ್ದು ತಿಪ್ಪೇಶನ ಹೆಸರೊಂದೇ.

"ನಿನ್ನ ಪಾಸ್‌ವರ್ಡ್ ಹೇಳೋ, ಬೇಗ."

"ಯಾರಿಗೂ ಹೇಳಬೇಡ ಅಂದಿದ್ರಿ ಸರ್."

"ನಂಗೆ ಹೇಳೋ. ನಾನು ಯಾರೋ?"

ತಿಪ್ಪೇಶ ಪರದೆ ಕಡೆ ಬಗ್ಗಿ ನೋಡಿದ. "ಅಂಥ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಂತ ಬರ್ತಿದೆ ಸರ್."

ಓಬಮ್ಮ ಪರೀಕ್ಷೆಯೋರಿಗೆ ಟೀ ತರಿಸಿ ಬಾಗಿಲಲ್ಲೇ ಮಾತಿಗೆಳೆದಳು. ತಿಪ್ಪೇಶ ಕೈ ಅಡ್ಡ ಹಿಡ್ಕೊಂಡು ಪಾಸ್‌ವರ್ಡ್ ಒತ್ತಿ ಒಂದೊಂದೇ ಕಂಪ್ಯೂಟರ್ ತೆರೆದುಕೊಟ್ಟ, ಮೇಷ್ಟ್ರು ಬೆವರು ಸುರಿಸ್ಕೊಂಡು ಹಳೇ ಪ್ರೋಗ್ರಾಮು ಕೈಯಾರೆ ತೆಗೆದ್ರು. ಹೆಂಗೋ ಪರೀಕ್ಷೆ ನಡೀತು.

ಸಂಜೆ ಓಬಮ್ಮ ಮಗನ ಕೈ ಹಿಡ್ಕೊಂಡು ಹೊರಟ್ರೆ ಮೇಷ್ಟ್ರೇ ಹಿಂದೆ ಬಂದ್ರು. "ತಿಪ್ಪೇಶಪ್ಪ, ನಾಳೆ ತಪ್ಪದೆ ಬಾರಪ್ಪ. ನೀನಿಲ್ಲದೆ ಆ ಕಂಪ್ಯೂಟರು ತೆರ್ಕೊಳ್ಳಲ್ಲ."

ಓಬಮ್ಮನಿಗೆ ಹೋದ ಜೀವ ಬಂದಂಗಾಯ್ತು. ದಾರೀಲಿ ಮಗನ ತಲೆ ಸವರಿ ಅಂದಳು, "ಆ ಪಾಸ್‌ವರ್ಡ್ ಇರೋವರೆಗೂ ನಿನ್ನ ಕೆಲಸಕ್ಕೆ ಮೋಸ ಇಲ್ಲ ಕಣಪ್ಪ. ಯಾರಿಗೂ ಬಾಯಿ ಬಿಡಬೇಡ. ಮರೀಲೂ ಬೇಡ."

"ಬಾಯಿ ಬಿಟ್ಟಿಲ್ಲವ್ವ," ಅಂದ ತಿಪ್ಪೇಶ. "ಮರೀಬಾರದು ಅಂತ ದೊಡ್ಡದಾಗಿ ಬರೆದು ಮೇಷ್ಟ್ರ ಮೇಜಿನ ಮೇಲೆ ಅಂಟಿಸಿ ಬಂದಿದೀನಿ."