ಬೀಗ ಹಾಕದ ಬೀರು

ಸಿಂಗನಗಿರಿ ಅಂತ ಒಂದು ರಾಜ್ಯ. ಅಲ್ಲೊಬ್ಬ ರಾಜ. ಕೆಟ್ಟವನೇನಲ್ಲ; ಅಪ್ಪಣೆ ಕೊಡುತ್ತಿದ್ದ, ಮರೆಯುತ್ತಿದ್ದ. ಒಂದು ಸಲ ಅವನಿಗೆ ಮಕ್ಕಳ ಮೇಲೆ ಮಮತೆ ಉಕ್ಕಿತು. ಮುನ್ನೂರು ಶಾಲೆಗಳಿಗೂ ಒಂದೊಂದು ಮರದ ಬೀರು, ಕೆಲವು ಬುಟ್ಟಿ, ಕೆಲವು ಪೆಟ್ಟಿಗೆ ಕೊಡಿಸಿದ. ಎಲ್ಲದರ ಮೇಲೂ ರಾಜಮುದ್ರೆ.

ಕೊಟ್ಟಿದ್ದನ್ನು ನೋಡಿಕೊಳ್ಳಲು ಉಗ್ರಾಣದ ಅಧಿಕಾರಿ ಗುರುನಂಜಯ್ಯ. ಅವನದು ಒಂದೇ ನಿಯಮ. ಅರಮನೆಯ ವಸ್ತುವನ್ನು ಸವೆಸಿದವರಿಂದ ಅದನ್ನು ಕಿತ್ತುಕೊಳ್ಳಬೇಕು. ಮೂರು ಸಲ ಸಿಕ್ಕಿಬಿದ್ದರೆ ಕೆಲಸವೂ ಹೋಯಿತು.

ಮೇಷ್ಟ್ರುಗಳು ದಡ್ಡರಲ್ಲ. ಬುಟ್ಟಿ, ಪೆಟ್ಟಿಗೆಗಳನ್ನು ಬೀರುವಿನೊಳಗೆ ತುಂಬಿದರು. ಬೀಗ ಜಡಿದರು. ಹೊರಗಿನಿಂದ ಧೂಳು ಒರೆಸಿದರು. ಮಕ್ಕಳು ಆ ಬೀರುವಿಗೇ ಒರಗಿ ಕೂತು ಒಂದು ಬಳಪಕ್ಕೆ ಮೂವರು ಕಿತ್ತಾಡಿದರು.

ಹುಣಸೆಕೊಪ್ಪಲಿನ ಪುಟ್ಟತಾಯಮ್ಮ ಮಾತ್ರ ಬೀಗ ಹಾಕಲಿಲ್ಲ. ಅವಳಿಗೆ ನಲವತ್ತು ಮಕ್ಕಳು, ನಾಲ್ಕು ತರಗತಿ, ಒಂದೇ ಕೋಣೆ. ಬಳಪ ಹುಡುಕುವುದರಲ್ಲೇ ಅರ್ಧ ಬೆಳಗು ಮುಗಿಯುತ್ತಿತ್ತು. ಅವಳು ಬುಟ್ಟಿಗಳಿಗೆ ಬಳಪ, ಎಣಿಸುವ ಬೀಜ, ಒರೆಸುವ ಬಟ್ಟೆ ಹಾಕಿದಳು. ಪೆಟ್ಟಿಗೆಗಳಿಗೆ ಸ್ಲೇಟು ಹಾಕಿ, ಮೇಲೆ ಚೀಟಿ ಅಂಟಿಸಿದಳು. ಒಂದನೇ ತರಗತಿಗೆ ಗಿಣಿ, ಎರಡನೆಯದಕ್ಕೆ ಮೊಲ, ಹೀಗೆ. ಚಿತ್ರದ ಕೆಳಗೆ ಹೆಸರು. ತಿಂಗಳು ಕಳೆಯುವುದರೊಳಗೆ ಚಿಕ್ಕಿ ಎಂಬ ಪುಟ್ಟ ಹುಡುಗಿ ಚಿತ್ರವನ್ನು ಅಂಗೈಯಲ್ಲಿ ಮುಚ್ಚಿ, "ಗಿಣಿ" ಅಂತ ಓದಿಬಿಟ್ಟಳು. ಪುಟ್ಟತಾಯಮ್ಮ ನಂಬದೆ ಮೂರು ಸಲ ಓದಿಸಿದಳು.

ಗುರುನಂಜಯ್ಯ ಮೊದಲ ಸಲ ಬಂದ.

"ಏನಮ್ಮಾ, ಬುಟ್ಟಿ ಅಂಚೆಲ್ಲಾ ಬಿಚ್ಚಿದೆ?"

"ಮಕ್ಕಳು ಎತ್ತಿ ಇಡ್ತಾರೆ ಸ್ವಾಮಿ."

"ಅದೇ ತಪ್ಪು." ಬುಟ್ಟಿಗಳು ಹೋದವು.

ಎರಡನೇ ಸಲ ಬಂದ.

"ರಾಜಮುದ್ರೆ ಪಕ್ಕದಲ್ಲಿ ಗಿಣಿ! ನಿಂಗೆ ತಲೆ ನೆಟ್ಟಗಿದೆಯಾ?"

"ಮುದ್ರೆ ನೋಡಿ ಯಾವ ಮಗುವೂ ಅಕ್ಷರ ಕಲೀಲಿಲ್ಲ ಸ್ವಾಮಿ."

ಪೆಟ್ಟಿಗೆಗಳು ಹೋದವು. ಅವುಗಳಲ್ಲಿ ಅವನ ಹೆಂಡತಿ ಒಣಮೆಣಸಿನಕಾಯಿ ತುಂಬಿಟ್ಟಿದ್ದು ಊರಿಗೆಲ್ಲ ಗೊತ್ತಾಯಿತು. ಸ್ಲೇಟುಗಳು ನೆಲದ ಮೇಲೆ ರಾಶಿ ಬಿದ್ದವು, ಕಾಲಿಗೆ ಸಿಕ್ಕಿ ಒಡೆದವು. ಸ್ಲೇಟು ಒಡೆದುಹೋದ ಒಂಬತ್ತು ಮಕ್ಕಳು ಹೊಸದು ಕೊಳ್ಳಲಾಗದೆ ಶಾಲೆ ಬಿಟ್ಟರು. ಚಿಕ್ಕಿಯೂ ಬಿಟ್ಟಳು.

ಮೂರನೇ ಸಲ ಬಂದ.

"ಬೀರು ಬಾಗಿಲು ಕಿರ್ ಅಂತಿದೆ."

"ತೆಗೆದ್ರೆ ಅನ್ನುತ್ತೆ."

"ತೆಗಿ ಅಂದೋರು ಯಾರು?"

ಬೀರು ಗಾಡಿ ಹತ್ತಿತು. ಕೆಲಸ ಕಿತ್ತುಹಾಕಲು ರಾಜನ ಒಪ್ಪಿಗೆ ಬೇಕಿತ್ತು. ಹಾಗಾಗಿ ಪುಟ್ಟತಾಯಮ್ಮನನ್ನು ಆಸ್ಥಾನಕ್ಕೆ ಕರೆದೊಯ್ದರು.

"ಪ್ರಭು, ಮಿಕ್ಕ ಶಾಲೆಗಳ ಸಾಮಾನೆಲ್ಲ ತಂದ ದಿನದ ಹಾಗೇ ಇದೆ. ಸವೆಸಿದವಳು ಇವಳೊಬ್ಬಳೇ" ಅಂದ ಗುರುನಂಜಯ್ಯ.

ರಾಜ ಆಕಳಿಸಿದ. ಪುಟ್ಟತಾಯಮ್ಮ ಅಳಲಿಲ್ಲ. ಅತ್ತರೆ ಅವನು ಇನ್ನೊಮ್ಮೆ ಆಕಳಿಸುತ್ತಿದ್ದ, ಅಷ್ಟೆ.

"ಸವೆಸಿದ್ದು ನಿಜ ಪ್ರಭು. ಆದ್ರೆ ಈ ನಿಯಮ ಎಲ್ಲರಿಗೂ ಒಂದೇನಾ?"

"ಎಲ್ಲರಿಗೂ ಒಂದೇ!" ಗುರುನಂಜಯ್ಯ ಎದೆ ಸೆಟೆಸಿದ.

"ಹಾಗಾದ್ರೆ ಸ್ವಾಮಿ, ನಿಮ್ಮ ಕಾಲಿನ ಜೋಡು ಅರಮನೆ ಕೊಟ್ಟದ್ದು. ಹಿಮ್ಮಡಿ ಸವೆದಿದೆ."

ರಾಜ ನೆಟ್ಟಗೆ ಕೂತ. "ಬಿಚ್ಚು" ಅಂದ.

"ತಲೆಯ ಪೇಟವೂ ಅರಮನೆದೇ. ಜರಿ ಕಿತ್ತಿದೆ."

"ಇಳಿಸು."

"ಸೊಂಟದಲ್ಲಿರೋ ಮುದ್ರೆ? ಒತ್ತಿ ಒತ್ತಿ ಸಿಂಹದ ಮೂತಿಯೇ ಹೋಗಿದೆ."

"ಪ್ರಭು, ಬಳಸಿದ್ರೆ ಸವೆಯದೆ ಇರುತ್ತಾ?" ಅಂದ ಗುರುನಂಜಯ್ಯ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಮೂರಾಯ್ತಲ್ಲಯ್ಯಾ" ಅಂತ ರಾಜ ನಕ್ಕ. ಆಸ್ಥಾನವೂ ನಕ್ಕಿತು. ಗುರುನಂಜಯ್ಯ ಬರಿಗಾಲಲ್ಲಿ, ಬರಿದಲೆಯಲ್ಲಿ ಮನೆಗೆ ನಡೆದ. ನ್ಯಾಯ ಗೆದ್ದಿತು ಅಂದುಕೊಳ್ಳಬೇಡಿ. ರಾಜನಿಗೆ ನಗು ಬಂತು, ಅಷ್ಟೆ.

ಎಲ್ಲ ಬೀರುಗಳನ್ನೂ ತೆರೆಯಿರಿ ಅಂತ ಅಪ್ಪಣೆಯಾಯಿತು. ಬೀಗಗಳು ತುಕ್ಕು ಹಿಡಿದಿದ್ದವು, ಒಡೆದರು. ಬೀರುಗಳ ಮೈ ಹೊಸದು, ಮುದ್ರೆ ಫಳಫಳ. ಬೆರಳಲ್ಲಿ ಒತ್ತಿದರೆ ಹಲಗೆ ಪುಡಿಪುಡಿ. ಒಳಗೆಲ್ಲ ಗೆದ್ದಲು. ಬುಟ್ಟಿ, ಪೆಟ್ಟಿಗೆ ಎಲ್ಲ ಮಣ್ಣು.

ಪುಟ್ಟತಾಯಮ್ಮನ ಸಾಮಾನು ಮರಳಿ ಬಂತು. ಅವಳು ಒಂಬತ್ತು ಮನೆಗಳಿಗೂ ಹೋದಳು. ಚಿಕ್ಕಿಯ ಅವ್ವ ಬಾಗಿಲಲ್ಲೇ ನಿಂತಳು. "ಈಗ ಅವಳು ಮಗು ಆಡಿಸ್ತಾಳೆ ಅಮ್ಮೋರೆ. ಕೂಲಿಗೆ ಹೋಗೋದ್ ಬಿಟ್ಟು ನಾನು ಆಡಿಸಲಾ?" ಒಂಬತ್ತರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ.

ಇಷ್ಟೇ ನೀತಿ. ಮಕ್ಕಳ ವಸ್ತುವನ್ನು ಮಕ್ಕಳ ಕೈಗೇ ಸಿಗದಂತೆ ಕಾಪಾಡುವವನು ಕಾವಲುಗಾರನಲ್ಲ, ಕಳ್ಳ. ಅವನನ್ನು ಸೋಲಿಸಬಹುದು. ಆದರೆ ಬೇಗ ಸೋಲಿಸಬೇಕು. ಅಲ್ಲಿಯವರೆಗೆ ಬಾಲ್ಯ ಕಾಯುವುದಿಲ್ಲ.