ಗಡಿಯಾರದವನ ಗೂಡ್ಸ್ ಡಬ್ಬಿಗಳು

“ಬುದ್ಧೀ, ನನ್ನಲ್ಲಿ ಇನ್ನು ಯಾವ ದೋಷ ಉಳಿದಿದೆ, ಹೇಳಿ. ಅದನ್ನೂ ತಿದ್ದಿಕೊಳ್ಳುತ್ತೇನೆ” ಎಂದು ಗುರುಸಿದ್ಧ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು: “ಈಗೇಕೆ ಇಷ್ಟು ಅವಸರ?”

“ಚನ್ನಮಲ್ಲನಿಗೂ ನನಗೂ ಮಾತು ನಿಂತು ಬಹಳ ಕಾಲವಾಯಿತು. ತಪ್ಪು ನನ್ನದೆಂದು ಅವನ ವಾದ. ಅಂದಿನಿಂದ ನನ್ನನ್ನು ನಾನೇ ಸೋಸಿ ನೋಡುತ್ತಿದ್ದೇನೆ. ತಡವಾಗಿ ಏಳುವುದನ್ನು ಬಿಟ್ಟೆ. ಎದುರುತ್ತರ ಕೊಡುವುದನ್ನು ಬಿಟ್ಟೆ. ಇನ್ನೇನಾದರೂ ಉಳಿದಿದ್ದರೆ ಅದೂ ಹೋಗಲಿ. ಆಮೇಲೆ ಅವನ ಮುಂದೆ ಹೋಗಿ ನಿಲ್ಲುತ್ತೇನೆ. ಬೆರಳಿಟ್ಟು ತೋರಿಸಲು ಅವನಿಗೆ ಒಂದು ಜಾಗವೂ ಸಿಗಬಾರದು.”

“ಅವನು ನಮ್ಮ ಮಠ ಬಿಟ್ಟು ಬೇರೆ ಮಠಕ್ಕೆ ಹೊರಟಿದ್ದಾನಂತೆ?”

“ನಾಳಿದ್ದು, ಬುದ್ಧಿ.”

“ಹಾಗಾದರೆ ಚಿಕ್ಕ ಕತೆಯನ್ನೇ ಹೇಳಬೇಕು. ಕೂತುಕೋ” ಎಂದರು ಗುರುಗಳು.

ಒಂದು ಜಂಕ್ಷನ್ ಊರು. ಅಲ್ಲಿನ ಪೇಟೆಬೀದಿಯ ಈ ಬದಿಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬನಿದ್ದ. ಆ ಬದಿಯಲ್ಲಿ ಒಬ್ಬ ದರ್ಜಿ. ಇಬ್ಬರ ಅಂಗಡಿ ಬಾಗಿಲೂ ಎದುರುಬದುರು. ಇಬ್ಬರಿಗೂ ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ವರ್ಗವಾಗಿ ಹೋದ ರೈಲ್ವೆ ಅಧಿಕಾರಿಯೊಬ್ಬನ ಮನೆಯ ಸಾಮಾನಿನಲ್ಲಿ ಇವರಿಗೆ ಒಂದು ಪೆಟ್ಟಿಗೆ ಸಿಕ್ಕಿತ್ತು. ಅದರಲ್ಲಿ ಕರೆಂಟಿನಿಂದ ಓಡುವ ಆಟದ ರೈಲು. ಒಂದು ಎಂಜಿನ್, ಒಂದು ಕಟ್ಟು ಹಳಿ, ಬೆರಳುದ್ದದ ಹಳೆಯ ಗೂಡ್ಸ್ ಡಬ್ಬಿಗಳು. ದರ್ಜಿಯ ಬಳಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿತ್ತು. ಹಳಿಯನ್ನು ಅವನು ಆ ಮೇಜಿನ ಅಂಚಿನ ಸುತ್ತಲೂ ಮೊಳೆ ಹೊಡೆದು ಕೂರಿಸಿದ. ಎಂಜಿನ್ನೂ ಅವನ ಬಳಿಯೇ ಉಳಿಯಿತು. ಡಬ್ಬಿಗಳು ಮುರುಕಲಾಗಿದ್ದವು. ಅವುಗಳನ್ನು ಗಡಿಯಾರದವನು ಇಟ್ಟುಕೊಂಡ. ಭಾನುವಾರ ಮಧ್ಯಾಹ್ನ ಅವನು ಡಬ್ಬಿಗಳನ್ನು ಎತ್ತಿಕೊಂಡು ಬೀದಿ ದಾಟುತ್ತಿದ್ದ. ದರ್ಜಿ ಬಟ್ಟೆಯನ್ನೆಲ್ಲ ಬದಿಗೆ ಸರಿಸುತ್ತಿದ್ದ. ಸಂಜೆಯವರೆಗೆ ರೈಲು ಓಡುತ್ತಿತ್ತು.

ಆ ಹಳಿ ಅಷ್ಟೇನೂ ಸಮವಾಗಿರಲಿಲ್ಲ. ದರ್ಜಿ ಎಷ್ಟೋ ವರ್ಷ ಇಸ್ತ್ರಿಪೆಟ್ಟಿಗೆ ಇಟ್ಟ ಜಾಗದಲ್ಲಿ ಮೇಜಿನ ಹಲಗೆ ತಗ್ಗಿತ್ತು. ಬಟ್ಟೆಗೆ ಜಾಗ ಉಳಿಯಲೆಂದು ಅವನು ಒಂದು ತಿರುವನ್ನು ತೀರ ಬಿಗಿಯಾಗಿ ಬಗ್ಗಿಸಿದ್ದ. ಡಬ್ಬಿಗಳೂ ಅಷ್ಟೇನೂ ನೆಟ್ಟಗಿರಲಿಲ್ಲ. ಅಚ್ಚು ಕೂರುವ ತೂತುಗಳು ಸವೆದು ಅಗಲವಾಗಿದ್ದವು. ಗಾಲಿಗಳು ಅತ್ತಿತ್ತ ತೊನೆಯುತ್ತಿದ್ದವು. ಒಂದು ಡಬ್ಬಿಯನ್ನು ಇನ್ನೊಂದಕ್ಕೆ ಸಿಕ್ಕಿಸುವ ಕೊಕ್ಕೆಗಳು ಗಿಲಗಿಲ ಅನ್ನುತ್ತಿದ್ದವು. ತಗ್ಗು ಬಂದಾಗ ಡಬ್ಬಿಗಳು ಒಂದೊಂದಾಗಿ ತಲೆ ಬಗ್ಗಿಸಿ, ತಲೆ ಎತ್ತಿ, ತಿರುವಿನಲ್ಲಿ ಮೈ ಓರೆ ಮಾಡಿಕೊಂಡು ಸಾಗುತ್ತಿದ್ದವು. ಅಪರೂಪಕ್ಕೊಮ್ಮೆ ಕೊನೆಯ ಡಬ್ಬಿ ಉರುಳುತ್ತಿತ್ತು. ಆಗ ಇಬ್ಬರೂ ನಗುತ್ತಿದ್ದರು. ಯಾರ ಕೈಗೆ ಹತ್ತಿರವೋ ಅವರು ಎತ್ತಿ ನಿಲ್ಲಿಸುತ್ತಿದ್ದರು.

ಒಂದು ಭಾನುವಾರ ಜುಬ್ಬದ ಅಳತೆ ಕೊಡಲು ಬಂದ ಗಿರಾಕಿಯೊಬ್ಬ ನಿಂತು ನೋಡಿದ. ಡಬ್ಬಿ ಉರುಳಿತು. “ಇದು ಯಾರ ತಪ್ಪು?” ಎಂದು ಕೇಳಿದ.

ಅದುವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಡಬ್ಬಿ ಸೊಟ್ಟ” ಎಂದ ದರ್ಜಿ. “ಹಳಿ ಸೊಟ್ಟ” ಎಂದ ಗಡಿಯಾರದವ. ಇಬ್ಬರೂ ಒಟ್ಟಿಗೇ ಹೇಳಿದ್ದರು. ಮೊದಲು ಅದಕ್ಕೂ ನಗು ಬಂತು. ಮಾತು ಬೆಳೆಯಿತು. “ನಿನ್ನ ಕೈಯಲ್ಲಿ ನೆಟ್ಟಗೆ ಬಂದದ್ದು ಒಂದಾದರೂ ಇದೆಯೇ?” ಎಂದು ಒಬ್ಬ ಕೇಳಿದ. ಯಾರು ಕೇಳಿದ್ದೆಂಬುದು ಮುಖ್ಯವಲ್ಲ. ಗಡಿಯಾರದವನು ಡಬ್ಬಿಗಳನ್ನು ಬಾಚಿಕೊಂಡು ಬೀದಿ ದಾಟಿದ. ಆಮೇಲಿನ ಭಾನುವಾರ ಅವನು ಹೋಗಲಿಲ್ಲ. ದರ್ಜಿ ಕರೆಯಲೂ ಇಲ್ಲ. ಹೀಗೆ ವರ್ಷಗಳು ಕಳೆದವು.

ಆಗ ಆ ರೋಗ ಬಂತು. ಲಾಕ್‌ಡೌನ್ ಆಯಿತು. ರೈಲು ನಿಂತಿತು, ಬಸ್ಸು ನಿಂತಿತು. ಬೆಳಿಗ್ಗೆ ಹಾಲು ತರಕಾರಿಗೆ ಒಂದಿಷ್ಟು ಹೊತ್ತು ಬಿಟ್ಟರೆ ಬೀದಿಯಲ್ಲಿ ಪೊಲೀಸರು ಮಾತ್ರ. ಮದುವೆಗಳಿಲ್ಲದೆ ದರ್ಜಿಯ ಕೆಲಸ ನಿಂತಿತು. ಹೋಗಬೇಕಾದ ಜಾಗ ಯಾರಿಗೂ ಇಲ್ಲದ್ದರಿಂದ ಗಡಿಯಾರ ಕೆಟ್ಟದ್ದೂ ಯಾರಿಗೂ ತಿಳಿಯಲಿಲ್ಲ.

ಗಡಿಯಾರದವನು ಅಟ್ಟದಿಂದ ಡಬ್ಬಿಗಳನ್ನು ಇಳಿಸಿದ. ಧೂಳು ಒರೆಸಿದ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಒಂದನ್ನು ನೋಡಿದ. ನಾಚಿಕೆಯಾಯಿತು. ಇಂಥ ಸಡಿಲ ಕೆಲಸವನ್ನು ಇಷ್ಟು ವರ್ಷ ತನ್ನದೆಂದು ಇಟ್ಟುಕೊಂಡಿದ್ದೆನಲ್ಲ ಎಂದುಕೊಂಡ. ಅಂದೇ ಸರಿಪಡಿಸಲು ಕೂತ.

ಸವೆದ ತೂತುಗಳಿಗೆ ಬುಶ್ ಎಂಬ ಹಿತ್ತಾಳೆಯ ಸಣ್ಣ ಕೊಳವೆ ಕೂರಿಸಿ, ಅಚ್ಚಿನ ದಪ್ಪಕ್ಕೆ ಸರಿಯಾಗಿ ಮತ್ತೆ ಕೊರೆದ. ಗಾಲಿ ತಿರುಗುತ್ತಿತ್ತು, ತೊನೆಯುತ್ತಿರಲಿಲ್ಲ. ನಗ್ಗಿದ ತಗಡನ್ನು ತಟ್ಟಿ ನೇರ ಮಾಡಿದ. ಗಿಲಗಿಲ ಅನ್ನುವ ಕೊಕ್ಕೆಗಳ ಸಂದಿಗೆ ವಾಚಿನ ಸ್ಪ್ರಿಂಗಿನ ಚೂರು ಸಿಕ್ಕಿಸಿ ಬಿಗಿ ಮಾಡಿದ. ಪರೀಕ್ಷೆಗೆ ಒಂದು ದೊಡ್ಡ ಗೋಡೆಗಡಿಯಾರದ ಗಾಜನ್ನು ಮೇಜಿನ ಮೇಲೆ ಮಲಗಿಸಿದ. ಸರಿಪಡಿಸಿದ ಡಬ್ಬಿಯನ್ನು ಅದರ ಮೇಲಿಟ್ಟು ಉಸಿರು ಊದಿದರೆ ಸಾಕು, ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದಂತೆ ಹೋಗುತ್ತಿತ್ತು. ಅದನ್ನು ನೋಡುವಾಗ ಅವನಿಗೆ ದರ್ಜಿಯ ಮುಖ ಕಾಣುತ್ತಿತ್ತು. ಈ ಸಲ ಉರುಳಿದರೆ ತಪ್ಪು ಯಾರದೆಂದು ಯಾರೂ ಕೇಳಬೇಕಾಗಿಲ್ಲ ಎಂದುಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ದರ್ಜಿ ತನ್ನ ಬಾಗಿಲಲ್ಲಿ ನಿಂತು, ಮಾಸ್ಕ್ ಕೆಳಗಿಳಿಸಿ ಕೂಗಿದ.

“ಲೇ ಗಡಿಯಾರ! ಬದುಕಿದ್ದೀಯೇನೋ?”

ಗಡಿಯಾರದವನ ಕೈಯ ಕೆಲಸ ನಿಂತಿತು. ಆದರೂ ತಲೆ ಎತ್ತದೆ ಹೇಳಿದ: “ನೀನು ಹೊಲಿದ ಮಾಸ್ಕ್ ಹಾಕಿಕೊಂಡಿಲ್ಲ ನೋಡು, ಅದಕ್ಕೇ ಬದುಕಿದ್ದೀನಿ.”

ದರ್ಜಿ ಜೋರಾಗಿ ನಕ್ಕ. “ಡಬ್ಬಿಗಳು ಇವೆಯಾ?”

“ಇವೆ. ಸರಿಮಾಡ್ತಾ ಇದ್ದೀನಿ.”

“ಹಂಗೇ ತಗೊಂಡು ಬಾರಯ್ಯ. ಮೇಜಿನ ಮೇಲೆ ಬಟ್ಟೆ ಇಲ್ಲ, ಏನಿಲ್ಲ. ಹಳಿ ಹಂಗೇ ಇದೆ. ಇಡೀ ದಿನ ಓಡಿಸೋಣ.”

“ಇರು, ಇನ್ನೂ ಮುಗಿದಿಲ್ಲ.”

“ಮುಗಿಯೋದು ಏನಿದೆ ಅದರಲ್ಲಿ? ಸರಿಮಾಡ್ತಿದ್ದೀಯೋ, ಹೊಸದಾಗಿ ಹೆರ್ತಿದ್ದೀಯೋ?”

“ಹೆತ್ತ ಮೇಲೆ ನೋಡುವಿಯಂತೆ, ಸುಮ್ನಿರೋ ಕತ್ತರಿ” ಎಂದ ಗಡಿಯಾರದವ.

ಅವನಿಗೂ ಹೋಗುವ ಆಸೆಯಿತ್ತು. ಆದರೆ ಅರ್ಧ ಡಬ್ಬಿಗಳು ಇನ್ನೂ ಹಳೆಯ ಸ್ಥಿತಿಯಲ್ಲೇ ಇದ್ದವು. ಅವುಗಳಲ್ಲಿ ಒಂದು ಉರುಳಿದರೂ ಹಳೆಯ ಮಾತು ಮತ್ತೆ ಬರುತ್ತದೆ. ಇನ್ನು ಸ್ವಲ್ಪ ದಿನ ತಾನೆ, ಹೇಗೂ ಯಾರೂ ಎಲ್ಲಿಗೂ ಹೋಗುವಂತಿಲ್ಲ ಎಂದುಕೊಂಡ.

ದರ್ಜಿ ಇನ್ನೊಂದು ಸಲ ಕರೆದ. ಮತ್ತೊಂದು ಸಲ ಕರೆದ. ಒಮ್ಮೆ ಅವನು ಕರೆಯಲಿಲ್ಲ, ವಿಷಯ ಹೇಳಿದ. “ಕಡೂರಿನಿಂದ ತಂಗಿ ಫೋನ್ ಮಾಡಿದ್ಲು. ಒಬ್ಬನೇ ಇದ್ದು ಏನ್ ಮಾಡ್ತೀಯ, ಇಲ್ಲೇ ಬಂದುಬಿಡು ಅಂತಾಳೆ. ಅಂಗಡಿ ಬಿಟ್ಟುಕೊಡ್ತೀನಿ ಅಂತ ಮಾಲೀಕನಿಗೆ ಹೇಳಿದೆ. ಬಾಳೆಹಣ್ಣಿನ ಮಂಡಿಯವನು ಬರ್ತಾನಂತೆ. ಬಸ್ಸು ಬಿಟ್ಟ ದಿನವೇ ಹೊರಡೋದು.”

“ಬಸ್ಸು ಬಿಡೋದರೊಳಗೆ ಮುಗಿಯುತ್ತೆ” ಎಂದ ಗಡಿಯಾರದವ. ಅಂದಿನಿಂದ ಇನ್ನೂ ಬೇಗ ಎದ್ದು ಕೆಲಸಕ್ಕೆ ಕೂತ. ಅವಸರ ಮಾತ್ರ ಮಾಡಲಿಲ್ಲ. ಅವಸರದ ಕೆಲಸ ಅವನಿಗೆ ಆಗುತ್ತಿರಲಿಲ್ಲ.

ಬಸ್ಸು ಬಿಟ್ಟ ದಿನ ಬೆಳಿಗ್ಗೆ ಕೊನೆಯ ಡಬ್ಬಿ ಮುಗಿಯಿತು. ಎಲ್ಲವನ್ನೂ ಒಂದಕ್ಕೊಂದು ಸಿಕ್ಕಿಸಿ ಎತ್ತಿದ. ಕೋಲು ಎತ್ತಿದ ಹಾಗೆ ಒಟ್ಟಿಗೆ ಎದ್ದವು. ಹಿತ್ತಾಳೆಯ ತಟ್ಟೆಯಲ್ಲಿ ಮಖಮಲ್ಲು ಹಾಸಿ, ಅದರ ಮೇಲೆ ಇಟ್ಟುಕೊಂಡು ಬೀದಿ ದಾಟಿದ. ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಗೋಣಿ ಸುತ್ತಿ ಕಟ್ಟಿತ್ತು. ಟ್ರಂಕು ಬಾಗಿಲ ಬಳಿ ಇತ್ತು. ಮೇಜು ಮಾತ್ರ ಖಾಲಿ. ಹಳಿಯನ್ನು ಒರೆಸಿಟ್ಟಿತ್ತು. ಎಂಜಿನ್ ಅದರ ಮೇಲೆ ಸಿದ್ಧವಾಗಿ ನಿಂತಿತ್ತು.

ದರ್ಜಿ ಡಬ್ಬಿಗಳನ್ನು ನೋಡಿ ಬಾಯಿ ಬಿಟ್ಟ. “ಅಯ್ಯೋ ಮಾರಾಯ, ಮದುಮಕ್ಕಳ ಹಾಗೆ ಮಾಡಿದ್ದೀಯಲ್ಲೋ!” ಎಂದ.

ಡಬ್ಬಿಗಳನ್ನು ಎಂಜಿನ್ನಿಗೆ ಸಿಕ್ಕಿಸಿದರು. ದರ್ಜಿ ಕರೆಂಟು ಕೊಟ್ಟ. ನೇರ ಹಳಿಯಲ್ಲಿ ರೈಲು ಸದ್ದಿಲ್ಲದೆ ಓಡಿತು. ತಗ್ಗು ಬಂತು. ಮೊದಲ ಡಬ್ಬಿ ತಲೆ ಬಗ್ಗಿಸಲಿಲ್ಲ. ಅದರ ಒಂದು ಗಾಲಿ ಗಾಳಿಯಲ್ಲೇ ಉಳಿಯಿತು. ತಿರುವು ಬಂತು. ಮೊದಲ ಡಬ್ಬಿ ಹಳಿ ತಪ್ಪಿತು. ಅದರ ಹಿಂದಿದ್ದವು ಒಂದನ್ನೊಂದು ಬಿಡದೆ, ಎಲ್ಲವೂ ಒಟ್ಟಿಗೆ ಮಗುಚಿದವು.

ಎತ್ತಿ ನಿಲ್ಲಿಸಿದರು. ಮತ್ತೆ ಓಡಿಸಿದರು. ಮತ್ತೆ ಎಲ್ಲವೂ ಮಗುಚಿದವು.

ಗಡಿಯಾರದವನಿಗೆ ದುಃಖವಾಗಲಿಲ್ಲ. ಗೆದ್ದ ಖುಷಿಯಾಯಿತು. “ನೋಡಿದೆಯಾ? ಗಾಜಿನ ಮೇಲೆ ಇವು ಕೂದಲೆಳೆಯಷ್ಟೂ ಆಚೀಚೆ ಹೋಗಲ್ಲ. ಈಗಲಾದರೂ ಹೇಳು, ಯಾವುದು ಸೊಟ್ಟ?”

ದರ್ಜಿ ಬಗ್ಗಿ, ಒಂದು ಕಣ್ಣು ಮುಚ್ಚಿ, ಹಳಿಯ ಉದ್ದಕ್ಕೂ ನೋಡಿದ. “ಹಳಿ ಸೊಟ್ಟ ಕಣಯ್ಯ” ಎಂದ.

“ಇದನ್ನ ಅವತ್ತೇ ಒಪ್ಪಿಕೊಂಡಿದ್ರೆ?”

“ಲಾಕ್‌ಡೌನ್ ಶುರುವಾದಾಗಲೇ ಒಪ್ಪಿಕೊಂಡಿದ್ದೆ. ನೀನು ಬಂದ ಕೂಡಲೇ ಹೇಳಿ, ಆಟಕ್ಕೆ ಕೂರೋಣ ಅಂತಿದ್ದೆ. ನೀನು ಬರಲೇ ಇಲ್ಲ.” ಅವನು ಒಂದು ಡಬ್ಬಿ ಎತ್ತಿ ಗಾಲಿಯನ್ನು ಅಲ್ಲಾಡಿಸಿ ನೋಡಿದ. ಅದು ಅಲ್ಲಾಡಲಿಲ್ಲ. “ಹಳೇದು ಒಂದಾದರೂ ಉಳಿದಿದೆಯೇನೋ? ಸರಿಮಾಡದೇ ಇರೋದು?”

“ಇಲ್ಲ. ಎಲ್ಲಾ ಮಾಡಿ ಮುಗಿಸಿದೆ.”

“ಒಂದಿದ್ದಿದ್ರೆ ಒಂದು ಸುತ್ತು ಓಡಿಸಿ ಹೋಗ್ತಿದ್ದೆ” ಎಂದ ದರ್ಜಿ.

ಡಬ್ಬಿಗಳನ್ನು ಕಳಚಿ ಎಂಜಿನ್ ಒಂದನ್ನೇ ಬಿಟ್ಟರು. ಅದು ತಗ್ಗಿನಲ್ಲಿ ಇಳಿದು, ತಿರುವಿನಲ್ಲಿ ತಿರುಗಿ, ಹೊರಟಲ್ಲಿಗೆ ಬಂದು ನಿಂತಿತು. ಇಬ್ಬರೂ ಅದನ್ನು ನೋಡಿದರು. ದರ್ಜಿ ಎಂಜಿನ್ನನ್ನು ಎತ್ತಿ ಮಖಮಲ್ಲಿನ ಮೇಲೆ ಇಟ್ಟ. “ನಿನ್ನ ಹತ್ತಿರವೇ ಇರಲಿ. ಕಡೂರಲ್ಲಿ ನನಗೆ ಮೇಜಿಲ್ಲ” ಎಂದ. ಟ್ರಂಕಿನ ಒಂದು ಹಿಡಿಯನ್ನು ಅವನು, ಇನ್ನೊಂದನ್ನು ಗಡಿಯಾರದವನು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ದಾರಿಯಲ್ಲಿ ದರ್ಜಿಯೇ ಏನೇನೋ ತಮಾಷೆ ಮಾಡಿದ. ಗಡಿಯಾರದವನಿಗೆ ನಗಲು ತಡವಾಗುತ್ತಿತ್ತು.

ಬಾಳೆಹಣ್ಣಿನ ಮಂಡಿಯವನು ಬಂದ. ಮೇಜನ್ನು ಗೊನೆ ಇಡಲು ಬಳಸಿಕೊಂಡ. ಗೊನೆಗೆ ಚುಚ್ಚುತ್ತದೆ ಎಂದು ಹಳಿಯನ್ನು ಕಿತ್ತು ಗುಜರಿಗೆ ಹಾಕಿದ.

ಗಡಿಯಾರದವನು ಅಂಗಡಿ ತೆರೆದ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದು ಡಬ್ಬಿಯನ್ನು ಗಾಜಿನ ಮೇಲಿಟ್ಟು ಊದಿದ. ಅದು ನೇರವಾಗಿ ಹೋಯಿತು. ಇನ್ನೊಮ್ಮೆ ಊದಿದ. ಇನ್ನೊಮ್ಮೆ ನೇರವಾಗಿ ಹೋಯಿತು. ಪಕ್ಕದಲ್ಲಿ ಯಾರದೋ ವಾಚನ್ನು ಹಿಂದಿನ ಮುಚ್ಚಳ ತೆಗೆದು ಇಟ್ಟಿತ್ತು. ಅದರ ಚಕ್ರಗಳು ಒಂದಿಷ್ಟೂ ತೊನೆಯದೆ ತಿರುಗುತ್ತಿದ್ದವು. ಅವನು ಅವುಗಳನ್ನು ಬಹಳ ಹೊತ್ತು ನೋಡಿದ. ಗಡಿಯಾರದ ಚಕ್ರ ಎಷ್ಟು ತಿರುಗಿದರೂ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಸಡಿಲ ಬೇಡ. ಡಬ್ಬಿ ಇನ್ನೊಬ್ಬನ ಹಳಿಯ ಮೇಲೆ ಹೋಗಬೇಕಾದದ್ದು. ಇದು ಅವನಿಗೆ ಆಗ ಹೊಳೆಯಿತು. ಅವನು ಚಿಮುಟ ತೆಗೆದುಕೊಂಡು ಮೊದಲ ಕೊಕ್ಕೆಯ ಸಂದಿಯಿಂದ ಸ್ಪ್ರಿಂಗಿನ ಚೂರನ್ನು ಎಳೆದ.

ಗುರುಗಳು ಕತೆ ನಿಲ್ಲಿಸಿ ಹೊಸ ಬತ್ತಿಗೆ ಹತ್ತಿ ಹಿಂಜಿದರು.

ಗುರುಸಿದ್ಧ ಹೊಸೆದ ಬತ್ತಿಗಳನ್ನು ಬದಿಗೆ ಜೋಡಿಸಿದ. ಆಮೇಲೆ ಕೇಳಿದ: “ಎಲ್ಲ ಡಬ್ಬಿಗಳನ್ನೂ ಸಡಿಲಿಸಿದನೇ, ಬುದ್ಧಿ?”

“ಸಡಿಲಿಸಿದ” ಎಂದರು ಗುರುಗಳು. “ಈಗ ಒಂದು ಸೊಟ್ಟ ಹಳಿಯನ್ನು ಹುಡುಕುತ್ತಿದ್ದಾನೆ.”

ಗುರುಸಿದ್ಧ ಎದ್ದು ಚನ್ನಮಲ್ಲನ ಕೋಣೆಯ ಕಡೆ ನಡೆದ.